ಫಿಲಿಪ್ಪೀನ್ಸ್‌ನ ಹೊಸ ನರ್ಸ್‌ಗಳು: ಬೋರ್ಡ್ ಪಾಸಾಯಿತು, ಇನ್ನು ಯಾವ ಕೆಲಸ ಮೊದಲು?

ರಾತ್ರಿಪಾಳಿ, ದಮ್ಮಾಮ್

ಎಲ್ಲರಿಗೂ ನಮಸ್ಕಾರ. ಗಲ್ಫ್‌ನ ಆಸ್ಪತ್ರೆಗಳಲ್ಲಿ ನಮ್ಮ ಸಿಸ್ಟರ್‌ಗಳ ಪಕ್ಕದ ಬೆಡ್ ನೋಡಿಕೊಳ್ಳುವವರು ಬಹುಪಾಲು ಫಿಲಿಪಿನೋಗಳೇ. ಅವರ ತಮ್ಮ ತಂಗಿಯರು ಓದು ಮುಗಿಸಿದ ಕೂಡಲೇ ಹೊರದೇಶಕ್ಕೆ ಹೋಗುವ ದಾರಿ ಕೇಳುತ್ತಾರೆ. ಸಾಮಾನ್ಯವಾಗಿ ಪರಿಸ್ಥಿತಿ ಹೀಗಿರುತ್ತದೆ: ವಯಸ್ಸು 22, ನವೆಂಬರ್ ಬೋರ್ಡ್ (ಅಲ್ಲಿನ ಲೈಸೆನ್ಸ್ ಪರೀಕ್ಷೆ) ಪಾಸು, ಪಿಆರ್‌ಸಿ ಕಾರ್ಡ್, ಅಂದರೆ ನರ್ಸಿಂಗ್ ಲೈಸೆನ್ಸ್ ಕೈಯಲ್ಲಿದೆ, ಅನುಭವ ಸೊನ್ನೆ. ಮುಂದಿರುವುದು ಮೂರು: ಊರಿನ ಖಾಸಗಿ ಆಸ್ಪತ್ರೆಯ ಕಡಿಮೆ ಸಂಬಳದ ಕೆಲಸ, ನೇರವಾಗಿ ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ತಯಾರಿ, ಇಲ್ಲವೇ ಒಳ್ಳೆ ಸಂಬಳದ ಕಾಲ್ ಸೆಂಟರ್.

ಯಾವುದು ಮೊದಲು? ವಿಷಯ ಗೊತ್ತಿರುವವರು ಹೆಜ್ಜೆ, ಖರ್ಚು, ಎಲ್ಲಿ ಕೆಡುತ್ತದೆ ಅನ್ನುವುದನ್ನು ಬಿಡಿಸಿ ಬರೆಯಿರಿ. ಇದರಲ್ಲಿ ಅರ್ಧದಷ್ಟು ನಮ್ಮ ಹುಡುಗಿಯರಿಗೂ ಬೇಕಾದದ್ದೇ.

ಟ್ಯೂಟರ್, ದಾವಣಗೆರೆ

ಮೊದಲು ಅಲ್ಲಿನ ಪದ್ಧತಿ ಹೇಗೆ ಬೇರೆ ಅಂತ ಹೇಳಿಬಿಡುತ್ತೇನೆ. ನಮ್ಮಲ್ಲಿ ರಾಜೀವ್ ಗಾಂಧಿ ವಿವಿಯ ಬಿ.ಎಸ್ಸಿ. ನರ್ಸಿಂಗ್ ಮುಗಿದರೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರಾಯಿತು. ಅಲ್ಲಿ ನಾಲ್ಕು ವರ್ಷದ ಪದವಿ ಸಿಕ್ಕ ಮಾತ್ರಕ್ಕೆ ನರ್ಸ್ ಅನ್ನಿಸಿಕೊಳ್ಳುವ ಹಾಗಿಲ್ಲ. 2002ರ ನರ್ಸಿಂಗ್ ಕಾಯ್ದೆ, ಅಂದರೆ ರಿಪಬ್ಲಿಕ್ ಆ್ಯಕ್ಟ್ 9173ರ ಪ್ರಕಾರ ಪ್ರೊಫೆಷನಲ್ ರೆಗ್ಯುಲೇಷನ್ ಕಮಿಷನ್ (ಪಿಆರ್‌ಸಿ) ನಡೆಸುವ ಪರೀಕ್ಷೆ ಬರೆಯಬೇಕು. ಇದನ್ನೇ ಎಲ್ಲರೂ 'ಬೋರ್ಡ್' ಅನ್ನುವುದು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಐದು ಭಾಗ, ಭಾಗಕ್ಕೆ 100 ಪ್ರಶ್ನೆ.

ಪಾಸಾಗಲು ಸರಾಸರಿ 75 ಬರಬೇಕು, ಯಾವ ಭಾಗದಲ್ಲೂ 60ಕ್ಕಿಂತ ಕೆಳಗೆ ಹೋಗಬಾರದು. ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ತಪ್ಪು ತಿಳಿದಿರುತ್ತಾರೆ. ಸರಾಸರಿ 78 ಬಂದು ಒಂದು ಭಾಗದಲ್ಲಿ 58 ಬಂತು ಅಂದುಕೊಳ್ಳಿ. ಆ ಒಂದೇ ಭಾಗ ಮತ್ತೆ ಬರೆದರೆ ಸಾಕು. ಆದರೆ ಈ ಸಲ ಅದರಲ್ಲಿ 60 ತೆಗೆದರೆ ಸಾಲದು, 75 ಬೇಕು. 60 ಸಾಕು ಅಂತ ಅರೆಬರೆ ಓದಿಕೊಂಡು ಹೋದವರು ಇನ್ನೊಂದು ಆರು ತಿಂಗಳು ಕಳೆದುಕೊಳ್ಳುತ್ತಾರೆ.

ಇನ್ನೊಂದು, ಟ್ರಾನ್ಸ್‌ಕ್ರಿಪ್ಟ್, ಅಂದರೆ ಕಾಲೇಜಿನ ಪೂರ್ತಿ ಅಂಕದಾಖಲೆ. ಬೋರ್ಡ್‌ಗೆಂದು ಕಾಲೇಜು ಕೊಡುವ ಪ್ರತಿಯ ಮೇಲೆ 'ಬೋರ್ಡ್ ಪರೀಕ್ಷೆಗಾಗಿ' ಎಂದೇ ಷರಾ ಇರುತ್ತದೆ. ಆ ಪ್ರತಿ ಹೊರದೇಶಕ್ಕೆ ನಡೆಯುವುದಿಲ್ಲ. ಕಾಲೇಜಿನಿಂದ ಬೇರೆ ಪ್ರತಿ, ಜೊತೆಗೆ ಆರ್‌ಎಲ್‌ಇ ಗಂಟೆಗಳ ಪಟ್ಟಿ ತೆಗೆಸಬೇಕು. ಆರ್‌ಎಲ್‌ಇ ಅಂದರೆ ಆಸ್ಪತ್ರೆ ಮತ್ತು ಸಮುದಾಯದಲ್ಲಿ ಮಾಡಿದ ಪ್ರಾಯೋಗಿಕ ಕಲಿಕೆ. ಒಂದು ಯೂನಿಟ್‌ಗೆ 51 ಗಂಟೆ ಲೆಕ್ಕ. ಕಾಲೇಜಿನ ಓಡಾಟ ಇನ್ನೂ ನಿಂತಿಲ್ಲದ ಹೊತ್ತಲ್ಲೇ ಇದನ್ನು ಮಾಡಿಸಿಕೊಳ್ಳಿ. ಐದು ವರ್ಷದ ಮೇಲೆ ಕಾಲೇಜು ಹೆಸರು ಬದಲಿಸಿಕೊಂಡಿರಬಹುದು, ಡೀನ್ ಬದಲಾಗಿರಬಹುದು. ಆಗ ಹಳೆಯ ಗಂಟೆಗಳಿಗೆ ಸಹಿ ಹಾಕುವವರು ಸಿಗುವುದಿಲ್ಲ.

ಹ್ಯೂಸ್ಟನ್ ಐಸಿಯು

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಎನ್‌ಕ್ಲೆಕ್ಸ್ ಮೊದಲು. ಅದಕ್ಕೆ ಅನುಭವ ಕೇಳುವುದಿಲ್ಲ, ಬೋರ್ಡ್‌ಗೆ ಓದಿದ್ದು ತಲೆಯಲ್ಲಿ ಇನ್ನೂ ಹಸಿಯಾಗಿರುತ್ತದೆ. ಎರಡು ವರ್ಷ ವಾರ್ಡಿನಲ್ಲಿ ದುಡಿದು 'ಆಮೇಲೆ ಓದೋಣ' ಅಂದವರಿಗೆ ಮತ್ತೆ ಪುಸ್ತಕ ಹಿಡಿಯುವುದು ತ್ರಾಸ.

ಹೆಜ್ಜೆ ಹೀಗೆ. ಮೊದಲು ಅಮೆರಿಕದ ಯಾವ ರಾಜ್ಯದ ಬೋರ್ಡ್‌ಗೆ (ಇಲ್ಲಿ ಬೋರ್ಡ್ ಅಂದರೆ ಪರೀಕ್ಷೆಯಲ್ಲ, ಲೈಸೆನ್ಸ್ ಕೊಡುವ ನರ್ಸಿಂಗ್ ಮಂಡಳಿ) ಅರ್ಜಿ ಅಂತ ತೀರ್ಮಾನಿಸಿ. ಕೆಲವು ರಾಜ್ಯಗಳು ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ, ಆ ನಂಬರ್ ಅಮೆರಿಕಕ್ಕೆ ಕಾಲಿಡುವ ಮುಂಚೆ ಸಿಗುವುದಿಲ್ಲ. ಹಾಗಾಗಿ ಅದಿಲ್ಲದೆ ಪರೀಕ್ಷೆಗೆ ಕೂರಲು ಬಿಡುವ ನ್ಯೂಯಾರ್ಕ್‌ನಂಥ ರಾಜ್ಯವನ್ನು ಫಿಲಿಪಿನೋಗಳು ಹೆಚ್ಚು ಆರಿಸುತ್ತಾರೆ. ಆಮೇಲೆ ಹೊರದೇಶದ ನರ್ಸ್‌ಗಳ ಕಾಗದ ನೋಡುವ ಸಿಜಿಎಫ್‌ಎನ್‌ಎಸ್ ಸಂಸ್ಥೆಯ ಮೂಲಕ ದಾಖಲೆ ಪರಿಶೀಲನೆ. 2025ರಿಂದ ಆ ಸಂಸ್ಥೆಯ ಹೆಸರು ಟ್ರೂಮೆರಿಟ್. ಹಳೆ ಹೆಸರಿನ ಮಾರ್ಗದರ್ಶಿ ಓದಿ ಗಲಿಬಿಲಿಯಾಗಬೇಡಿ. ಕಾಲೇಜು ಮತ್ತು ಪಿಆರ್‌ಸಿ ಎರಡೂ ದಾಖಲೆಯನ್ನು ನೇರವಾಗಿ ಕಳಿಸಬೇಕು, ಅಭ್ಯರ್ಥಿ ಕೈಯಿಂದ ಹೋದದ್ದು ಲೆಕ್ಕಕ್ಕಿಲ್ಲ. ಪರೀಕ್ಷೆ ನಡೆಸುವ ಕಂಪನಿ ಪಿಯರ್ಸನ್ ವ್ಯೂನಲ್ಲಿ 200 ಡಾಲರ್ ಕಟ್ಟಿ ನೋಂದಣಿ; ಅಮೆರಿಕದ ಹೊರಗೆ ಬರೆಯುವುದಕ್ಕೆ ಇನ್ನೂ 150 ಡಾಲರ್ ಮತ್ತು ತೆರಿಗೆ. ರಾಜ್ಯದ ಬೋರ್ಡ್ ಒಪ್ಪಿದ ಮೇಲೆ ಎಟಿಟಿ, ಅಂದರೆ ಪರೀಕ್ಷೆಗೆ ಅನುಮತಿ ಪತ್ರ ಬರುತ್ತದೆ. ಅದರ ಅವಧಿಯೊಳಗೇ ದಿನಾಂಕ ಹಿಡಿಯಬೇಕು. ತಪ್ಪಿದರೆ ನೋಂದಣಿ ಶುಲ್ಕ ಹೋಯಿತು.

2007ರವರೆಗೆ ಇದಕ್ಕಾಗಿ ಹಾಂಕಾಂಗ್‌ಗೋ ಗುವಾಮ್‌ಗೋ ವಿಮಾನ ಹತ್ತಬೇಕಿತ್ತು. ಈಗ ಮನಿಲಾದಲ್ಲೇ ಕೇಂದ್ರವಿದೆ. ನಮ್ಮವರಿಗೆ ಬೆಂಗಳೂರಿನಲ್ಲಿ ಇರುವ ಹಾಗೆ.

ಪರೀಕ್ಷೆ, ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆಯನ್ನು ಕಂಪ್ಯೂಟರ್ ಅಳೆದು ತೂಗಿ ಕೊಡುವಂಥದ್ದು: ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. '85ಕ್ಕೇ ನಿಂತರೆ ಪಾಸು' ಅನ್ನುವುದು ಬರೀ ನಂಬಿಕೆ. ಪಾಸು ಖಚಿತವಾದರೂ ಅಲ್ಲಿಗೇ ನಿಲ್ಲುತ್ತದೆ, ಫೇಲು ಖಚಿತವಾದರೂ ಅಲ್ಲಿಗೇ ನಿಲ್ಲುತ್ತದೆ. 2023ರ ಏಪ್ರಿಲ್‌ನಿಂದ ಬಂದ ಹೊಸ ಮಾದರಿಯಲ್ಲಿ ಒಬ್ಬ ರೋಗಿಯ ಚಾರ್ಟ್, ವೈಟಲ್ಸ್ (ನಾಡಿ, ಬಿಪಿ, ಉಸಿರಾಟದಂಥ ಅಳತೆ), ಲ್ಯಾಬ್ ವರದಿ ಕೊಟ್ಟು ಅದರ ಮೇಲೆ ಆರು ಪ್ರಶ್ನೆಗಳ ಸರಣಿ ಇರುತ್ತದೆ. ಹಳೆಯ ಪ್ರಶ್ನೆಬ್ಯಾಂಕ್ ಬಾಯಿಪಾಠ ಮಾಡಿದವರು ಮುಗ್ಗರಿಸುವುದು ಇಲ್ಲೇ. ಫೇಲಾದರೆ ಕನಿಷ್ಠ 45 ದಿನ ಕಾಯಬೇಕು.

ಲೀಡ್ಸ್ ಸಿಸ್ಟರ್

ಬ್ರದರ್, ಎನ್‌ಕ್ಲೆಕ್ಸ್ ಪಾಸಾದ ಕೂಡಲೇ ವಿಮಾನ ಅನ್ನುವ ಹಾಗೆ ಕೇಳಿಸುತ್ತದೆ ನೀವು ಬರೆದದ್ದು. ವೀಸಾ ಸಾಲಿನ ಬಗ್ಗೆಯೂ ಹೇಳಿ. ಅಮೆರಿಕಕ್ಕೆ ಇಬಿ-3, ಅಂದರೆ ಕೆಲಸದ ಆಧಾರದ ಕಾಯಂ ವಾಸದ ವೀಸಾ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಬ್ರಿಟನ್‌ನಲ್ಲಿ ಕೆಲಸ ಸಿಕ್ಕಿದ ಮೇಲೆ ವೀಸಾಗೆ ತಿಂಗಳುಗಳ ಲೆಕ್ಕವಷ್ಟೆ.

ಎನ್‌ಎಂಸಿ, ಅಂದರೆ ಬ್ರಿಟನ್‌ನಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಮಂಡಳಿಯ ದಾರಿ ಇದು. ಅರ್ಹತೆ ಪರಿಶೀಲನೆಗೆ 140 ಪೌಂಡ್. ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆ 83 ಪೌಂಡ್, ಮನಿಲಾದಲ್ಲೇ ಬರೆಯಬಹುದು. ಲೆಕ್ಕದ ಭಾಗ 15 ಪ್ರಶ್ನೆ, ನರ್ಸಿಂಗ್ ಭಾಗ 100 ಪ್ರಶ್ನೆ. ಇಂಗ್ಲಿಷಿಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5. ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ ಆದರೆ ಮೂರರಲ್ಲಿ ಬಿ, ಬರವಣಿಗೆಯಲ್ಲಿ ಸಿ-ಪ್ಲಸ್. ಒಂದೇ ಸಲಕ್ಕೆ ಬರದಿದ್ದರೆ 12 ತಿಂಗಳೊಳಗಿನ ಎರಡು ಪ್ರಯತ್ನಗಳ ಅಂಕ ಜೋಡಿಸಬಹುದು, ಆದರೆ ಯಾವ ಪ್ರಯತ್ನದಲ್ಲೂ ಬರವಣಿಗೆ 6ಕ್ಕಿಂತ, ಉಳಿದವು 6.5ಕ್ಕಿಂತ ಕೆಳಗಿರಬಾರದು. ಕೊನೆಗೆ ಬ್ರಿಟನ್‌ಗೆ ಬಂದ ಮೇಲೆ ಕೆಲಸ ಮಾಡಿ ತೋರಿಸುವ ಆಸ್ಕಿ ಪರೀಕ್ಷೆ, 794 ಪೌಂಡ್. ಕೆಲಸ ಶುರುವಾಗಿ ಮೂರು ತಿಂಗಳೊಳಗೆ ಮೊದಲ ಸಲ ಕೂರಬೇಕು, ಎಂಟು ತಿಂಗಳೊಳಗೆ ದಾಟಬೇಕು.

ಅನುಭವ ಕೇಳುವುದು ಎನ್‌ಎಂಸಿ ಅಲ್ಲ, ಆಸ್ಪತ್ರೆ ಟ್ರಸ್ಟ್‌ಗಳು. ಕನಿಷ್ಠ ಆರು ತಿಂಗಳು, ಹಲವೆಡೆ ಒಂದು ವರ್ಷ. 2024ರಿಂದೀಚೆಗೆ ಇಲ್ಲಿ ಹೊರದೇಶದ ನೇಮಕಾತಿ ತಗ್ಗಿದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಹಾಗಾಗಿ ಶೂನ್ಯ ಅನುಭವದ ಅರ್ಜಿ ಈಗ ಮೇಲಕ್ಕೆ ಬರುವುದು ಕಷ್ಟ.

ಹ್ಯೂಸ್ಟನ್ ಐಸಿಯು

ಸರಿ ಸಿಸ್ಟರ್, ಸಾಲಿನ ವಿಷಯ ಬರೆಯುತ್ತೇನೆ. ನರ್ಸ್‌ಗಳು 'ಶೆಡ್ಯೂಲ್ ಎ' ಪಟ್ಟಿಯಲ್ಲಿದ್ದಾರೆ. ಅಂದರೆ ಅಮೆರಿಕನ್ ಅಭ್ಯರ್ಥಿ ಸಿಗಲಿಲ್ಲ ಅಂತ ಕಾರ್ಮಿಕ ಇಲಾಖೆಗೆ ಸಾಬೀತು ಮಾಡುವ ಹೆಜ್ಜೆ ಇಲ್ಲ. ಆಸ್ಪತ್ರೆ ನೇರವಾಗಿ ಐ-140, ಅಂದರೆ ನಿಮ್ಮ ಪರವಾದ ವಲಸೆ ಅರ್ಜಿ ಹಾಕುತ್ತದೆ. ಅದು ದಾಖಲಾದ ದಿನವೇ ಸಾಲಿನಲ್ಲಿ ನಿಮ್ಮ ಜಾಗ. ಸಾಲು ಎಲ್ಲಿಗೆ ಬಂತು ಅಂತ ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಫಿಲಿಪ್ಪೀನ್ಸ್‌ಗೆ ಬೇರೆ ಕಾಲಂ, ಭಾರತಕ್ಕೆ ಬೇರೆ ಕಾಲಂ. ಅವರದ್ದು ಕೆಲವು ವರ್ಷದ ಸಾಲು, ನಮ್ಮದು ದಶಕ ಮೀರಿದ ಸಾಲು. ನಾನು ಎನ್‌ಕ್ಲೆಕ್ಸ್ ಮೊದಲು ಅನ್ನುವುದು ಇದಕ್ಕೇ: ಎಷ್ಟು ಬೇಗ ಐ-140 ಬೀಳುತ್ತದೋ ಅಷ್ಟು ಮುಂದೆ ನಿಲ್ಲುತ್ತೀರಿ, ಕಾಯುವ ವರ್ಷಗಳಲ್ಲಿ ಅನುಭವ ತಾನಾಗಿ ಕೂಡುತ್ತದೆ.

ಒಂದು ಮುಖ್ಯ ಮಾತು. ಈ ಕಾಲಂ ಲೆಕ್ಕ ಪಾಸ್‌ಪೋರ್ಟ್‌ನಿಂದಲ್ಲ, ಹುಟ್ಟಿದ ದೇಶದಿಂದ. ಅಪ್ಪ ಅಮ್ಮ ರಿಯಾದ್‌ನಲ್ಲಿ ದುಡಿಯುತ್ತಿದ್ದಾಗ ಅಲ್ಲೇ ಹುಟ್ಟಿದ ಫಿಲಿಪಿನೋ ಹುಡುಗಿ ಸೌದಿ ಲೆಕ್ಕಕ್ಕೆ ಬರುತ್ತಾಳೆ, ಅಂದರೆ ಉಳಿದ ದೇಶಗಳ ಸಾಲಿಗೆ. ಕುವೈತ್‌ನಲ್ಲಿ ಹುಟ್ಟಿದ ಮಂಗಳೂರಿನ ಹುಡುಗಿಗೂ ಇದೇ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ಕಾಲಂ ಹಿಡಿಯುವುದಕ್ಕೂ ಅವಕಾಶವಿದೆ. ಏಜೆನ್ಸಿಯವರು ತಾವಾಗಿ ಕೇಳುವುದಿಲ್ಲ, ನಾವೇ ಹೇಳಬೇಕು.

ಕೊನೆಯಲ್ಲಿ ವೀಸಾಗೆ ಬೇಕಾದ, ಟ್ರೂಮೆರಿಟ್ ಕೊಡುವ ವೀಸಾಸ್ಕ್ರೀನ್ ಪ್ರಮಾಣಪತ್ರ. ಅದಕ್ಕೆ ಓದು, ಲೈಸೆನ್ಸ್, ಎನ್‌ಕ್ಲೆಕ್ಸ್, ಇಂಗ್ಲಿಷ್ ನಾಲ್ಕೂ ಬೇಕು. ಇಂಗ್ಲಿಷಿನಲ್ಲೇ ಓದಿದ್ದೇವೆ ಅನ್ನುವ ವಿನಾಯಿತಿ ಫಿಲಿಪ್ಪೀನ್ಸ್‌ಗೂ ಇಲ್ಲ, ನಮಗೂ ಇಲ್ಲ. ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5, ಮಾತಿನಲ್ಲಿ 7 ಬೇಕು. ಆ ಅಂಕಪಟ್ಟಿಯ ಆಯಸ್ಸು ಎರಡೇ ವರ್ಷ. ಐ-140 ಹಾಕುವ ಮುಂಚೆಯೇ ಉತ್ಸಾಹದಿಂದ ಇಂಗ್ಲಿಷ್ ಬರೆದುಬಿಟ್ಟವರಿಗೆ ವೀಸಾ ಹೊತ್ತಿಗೆ ಮತ್ತೆ ಬರೆಯುವ ಖರ್ಚು. ವೀಸಾಸ್ಕ್ರೀನ್‌ಗೆ ಐದು ವರ್ಷ ಆಯಸ್ಸು. ಅದಕ್ಕೇ ಸಂದರ್ಶನ ಯಾವಾಗ ಬರಬಹುದು ಅಂತ ಬುಲೆಟಿನ್ ನೋಡುತ್ತಾ ಇಂಗ್ಲಿಷ್ ಬರೆಯಿರಿ.

ಟ್ಯೂಟರ್, ದಾವಣಗೆರೆ

ರಾಜ್ಯ ಆರಿಸುವ ಮಾತು ಬಂತಲ್ಲ, ಕ್ಯಾಲಿಫೋರ್ನಿಯಾ ಬಗ್ಗೆ ಎಚ್ಚರ. ಸಂಬಂಧಿಕರು ಅಲ್ಲಿದ್ದಾರೆ ಅಂತ ಫಿಲಿಪಿನೋ ಮಕ್ಕಳು ಮೊದಲು ಅಲ್ಲಿಗೇ ಅರ್ಜಿ ಹಾಕುತ್ತಾರೆ. ಆ ಬೋರ್ಡ್‌ಗೆ ಪಾಠ ಮತ್ತು ಅದರ ಪ್ರಾಯೋಗಿಕ ಕಲಿಕೆ ಒಂದೇ ಅವಧಿಯಲ್ಲಿ ನಡೆದಿರಬೇಕು. ಫಿಲಿಪ್ಪೀನ್ಸ್ ಕಾಲೇಜುಗಳಲ್ಲಿ ಆಪರೇಷನ್ ಥಿಯೇಟರ್ ಮತ್ತು ಹೆರಿಗೆ ಕೋಣೆಯ ಕೇಸುಗಳು ಸಾಲದಿದ್ದರೆ ಮುಂದಿನ ಸೆಮಿಸ್ಟರ್‌ನಲ್ಲೋ ಬೇಸಿಗೆಯಲ್ಲೋ ತುಂಬಿಸುವುದು ರೂಢಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹೆರಿಗೆ ಶುಶ್ರೂಷೆಯ ಪಾಠ ಎರಡನೇ ವರ್ಷ, ಕೇಸಿನ ದಿನಾಂಕ ಮೂರನೇ ವರ್ಷ ಅಂತ ಕಂಡರೆ ಅರ್ಜಿ ತಿರಸ್ಕಾರ. ಆ ವಿಷಯವನ್ನು ಒಪ್ಪಿತ ಕಾಲೇಜಿನಲ್ಲಿ ಮತ್ತೆ ಓದಬೇಕಾಗುತ್ತದೆ. ಬೇರೆ ರಾಜ್ಯದಲ್ಲಿ ಪರೀಕ್ಷೆ ಬರೆಯುವುದು ವಾಸಿ.

ಪಿಆರ್‌ಸಿ ದಾಖಲೆಗೆ ಹೊರಗಿನವರು ಎಷ್ಟು ಕಣ್ಣಿಟ್ಟಿರುತ್ತಾರೆ ಅನ್ನುವುದಕ್ಕೆ 2006ರ ಪ್ರಕರಣ ಸಾಕು. ಆ ಜೂನ್ ಬೋರ್ಡ್‌ನ ಪ್ರಶ್ನೆಗಳು ಸೋರಿದ್ದವು. ಪಾಸಾದವರು ಮೂರು ಮತ್ತು ಐದನೇ ಭಾಗ ಮತ್ತೆ ಬರೆಯದ ಹೊರತು ವೀಸಾಸ್ಕ್ರೀನ್ ಕೊಡುವುದಿಲ್ಲ ಅಂತ ಸಿಜಿಎಫ್‌ಎನ್‌ಎಸ್ ಮರುವರ್ಷ ಹೇಳಿತು. ಏನೂ ತಪ್ಪು ಮಾಡದ ಮಕ್ಕಳೂ ಆ ಬ್ಯಾಚಿನ ಹೆಸರು ಹೊತ್ತುಕೊಂಡು ತಿರುಗಬೇಕಾಯಿತು. ಅನ್ಯಾಯವೇ ಅದು.

ರಾತ್ರಿಪಾಳಿ, ದಮ್ಮಾಮ್

ತುಂಬ ಉಪಕಾರ. ಈಗ ಅನುಭವದ ವಿಷಯ. ಎಲ್ಲರೂ 'ಎರಡು ವರ್ಷ' ಅನ್ನುತ್ತಾರೆ. ಯಾವ ಕೆಲಸ ಎರಡು ವರ್ಷದ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ? ಆ ಕಾಲ್ ಸೆಂಟರ್ ಪ್ರಶ್ನೆಗೂ ಉತ್ತರ ಬೇಕು.

ಕಡತಕಟ್ಟು, ದುಬೈ

ದಿನವಿಡೀ ಡೇಟಾಫ್ಲೋ ಕಡತಗಳನ್ನೇ ನೋಡುವ ಕೆಲಸ ನನ್ನದು, ಅದರ ಮೇಲೆ ಹೇಳುತ್ತೇನೆ. ಡೇಟಾಫ್ಲೋ ಅಂದರೆ ಗಲ್ಫ್ ದೇಶಗಳಿಗಾಗಿ ಅಭ್ಯರ್ಥಿಗಳ ದಾಖಲೆ ಅಸಲಿಯೇ ಅಂತ ಪರಿಶೀಲಿಸುವ ಕಂಪನಿ.

ಲೆಕ್ಕಕ್ಕೆ ಬರುವುದು: ಪಿಆರ್‌ಸಿ ಲೈಸೆನ್ಸ್ ಬಂದ ದಿನದ ನಂತರದ, ಸಂಬಳ ಪಡೆದ, ಪೂರ್ಣಾವಧಿಯ, ರೋಗಿಯ ಪಕ್ಕದ ಕೆಲಸ. ಬರದಿರುವುದು: ಲೈಸೆನ್ಸ್‌ಗೆ ಮುಂಚಿನ ನರ್ಸಿಂಗ್ ಅಸಿಸ್ಟೆಂಟ್ ಕೆಲಸ, ಶಾಲೆ ಕ್ಲಿನಿಕ್, ಮತ್ತು 'ವಾಲಂಟಿಯರ್ ನರ್ಸ್' ಕೆಲಸ. ಈ ಕೊನೆಯದು ಫಿಲಿಪ್ಪೀನ್ಸ್‌ನ ದೊಡ್ಡ ಗಾಯ. ನರ್ಸಿಂಗ್ ಪದವೀಧರರು ಕೆಲಸಕ್ಕಿಂತ ಹೆಚ್ಚಾಗಿದ್ದ ವರ್ಷಗಳಲ್ಲಿ ಆಸ್ಪತ್ರೆಗಳು ಸಂಬಳ ಕೊಡುವುದಿರಲಿ, 'ತರಬೇತಿ ಶುಲ್ಕ' ಅಂತ ಮಕ್ಕಳಿಂದಲೇ ಹಣ ತೆಗೆದುಕೊಂಡು ಎಂಟು ಗಂಟೆ ದುಡಿಸಿಕೊಂಡವು. 2011ರಲ್ಲಿ ಆರೋಗ್ಯ ಇಲಾಖೆ ಆ ಪದ್ಧತಿಯನ್ನು ನಿಷೇಧಿಸಿತು. ಹಾಗೆ ಕೊಟ್ಟ ಪತ್ರದಲ್ಲಿ 'ಟ್ರೇನಿ' ಅಂತ ಒಂದು ಪದವಿದ್ದರೂ ಪರಿಶೀಲನೆಯಲ್ಲಿ ಅದು ಅನುಭವವಲ್ಲ. ಇವತ್ತಿಗೂ ಯಾರಾದರೂ ಹಣ ಕಟ್ಟಿ ವಾರ್ಡಿಗೆ ಬನ್ನಿ ಅಂದರೆ ಹೋಗಬೇಡಿ.

ಸರ್ಕಾರಿ ಆಸ್ಪತ್ರೆ ಸಿಕ್ಕರೆ ಅದೇ ಒಳ್ಳೆಯದು. ನರ್ಸ್‌ಗೆ ಸರ್ಕಾರಿ ಸಂಬಳ ಶ್ರೇಣಿ 15ಕ್ಕಿಂತ ಕಡಿಮೆ ಇರಬಾರದು ಅಂತ ನರ್ಸಿಂಗ್ ಕಾಯ್ದೆ 9173ರಲ್ಲಿ ಬರೆದಿದ್ದರೂ ಜಾರಿಗೆ ಬರಲು 2019ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ಖಾಸಗಿಯಲ್ಲಿ ಆ ರಕ್ಷಣೆ ಇಲ್ಲ.

ಅನುಭವ ಪತ್ರದಲ್ಲಿ ಇರಲೇಬೇಕಾದದ್ದು: ಸೇರಿದ ಮತ್ತು ಬಿಟ್ಟ ದಿನಾಂಕ ತಿಂಗಳು ವರ್ಷದ ಸಮೇತ, ಹುದ್ದೆಯ ಹೆಸರು 'ಸ್ಟಾಫ್ ನರ್ಸ್' ಅಂತಲೇ, ವಾರ್ಡಿನ ಹೆಸರು, ಆಸ್ಪತ್ರೆಯ ಹಾಸಿಗೆ ಸಂಖ್ಯೆ, ವಾರಕ್ಕೆ ಎಷ್ಟು ಗಂಟೆ, ಸಹಿ ಮಾಡಿದವರ ಹೆಸರು ಹುದ್ದೆ, ಆಸ್ಪತ್ರೆಯ ಸ್ವಂತ ಡೊಮೈನ್‌ನ ಇಮೇಲ್. ಜಿಮೇಲ್ ವಿಳಾಸ ಕೊಟ್ಟರೆ ಅರ್ಧ ಕಡತಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಡೇಟಾಫ್ಲೋ ನೇರವಾಗಿ ಆಸ್ಪತ್ರೆಗೆ ಬರೆದು ಕೇಳುತ್ತದೆ. ಅಲ್ಲಿನ ಮಾನವ ಸಂಪನ್ಮೂಲ ವಿಭಾಗ ಉತ್ತರಿಸದಿದ್ದರೆ 'ಪರಿಶೀಲಿಸಲಾಗಲಿಲ್ಲ' ಅಂತ ವರದಿ. ತಪ್ಪು ನಿಮ್ಮದಲ್ಲದಿದ್ದರೂ ಅರ್ಜಿ ನಿಲ್ಲುತ್ತದೆ. ಕೆಲಸ ಬಿಡುವ ವಾರವೇ ಆ ವಿಭಾಗಕ್ಕೆ ಹೋಗಿ, ನಿಮ್ಮ ಕಡತದಲ್ಲಿರುವ ದಿನಾಂಕಗಳು ಪತ್ರದ ದಿನಾಂಕಗಳಿಗೆ ತಾಳೆಯಾಗುತ್ತವೆಯೇ ನೋಡಿ. ಪತ್ರ ಕೇಳಿದ ಮೂರು ದಿನದೊಳಗೆ ಕೊಡಬೇಕು ಅಂತ ಫಿಲಿಪ್ಪೀನ್ಸ್ ಕಾರ್ಮಿಕ ಇಲಾಖೆಯ 2020ರ ಸೂಚನೆ ಇದೆ, ಮರ್ಯಾದೆಯಿಂದಲೇ ನೆನಪಿಸಿ.

ದೃಢೀಕರಣ ಮುದ್ರೆಯಲ್ಲೂ ವ್ಯತ್ಯಾಸವಿದೆ. ಫಿಲಿಪ್ಪೀನ್ಸ್ 2019ರ ಮೇಯಿಂದ ಅಪೋಸ್ಟಿಲ್ (ಒಂದೇ ಮುದ್ರೆಯನ್ನು ಸದಸ್ಯ ದೇಶಗಳು ಒಪ್ಪುವ) ಪದ್ಧತಿಯಲ್ಲಿದೆ, ಸೌದಿ 2022ರ ಡಿಸೆಂಬರ್‌ನಿಂದ. ಯುಎಇ ಆ ಒಪ್ಪಂದಕ್ಕೆ ಸೇರಿಲ್ಲ, ಹಾಗಾಗಿ ಅಲ್ಲಿಗೆ ರಾಯಭಾರ ಕಚೇರಿಯ ಮುದ್ರೆ ತಪ್ಪುವುದಿಲ್ಲ. ಪದವಿಪತ್ರಕ್ಕೆ ಮುದ್ರೆ ಬೀಳುವ ಮೊದಲು ಪದವಿ ಅಸಲಿ ಅನ್ನುವ ಉನ್ನತ ಶಿಕ್ಷಣ ಆಯೋಗದ ಸಿಎವಿ ದೃಢೀಕರಣ ಆಗಿರಬೇಕು.

ಹ್ಯೂಸ್ಟನ್ ಐಸಿಯು

ಕಾಲ್ ಸೆಂಟರ್ ವಿಷಯ. ಮನಿಲಾದಲ್ಲಿ ಎನ್‌ಕ್ಲೆಕ್ಸ್ ಪಾಸಾಗಿ ಅಮೆರಿಕನ್ ಲೈಸೆನ್ಸ್ ಇರುವ ನರ್ಸ್‌ಗಳಿಗೆ ವಿಮಾ ಕಂಪನಿಗಳ ಕಡತ ಪರಿಶೀಲಿಸುವ ಕೆಲಸ ಸಿಗುತ್ತದೆ. ಸಂಬಳ ವಾರ್ಡಿಗಿಂತ ಎಷ್ಟೋ ಮೇಲು. ಮನೆ ನಡೆಸಬೇಕಾದವರನ್ನು ದೂರುವ ಹಾಗಿಲ್ಲ. ಆದರೆ ಅದು ರೋಗಿಯ ಪಕ್ಕದ ಅನುಭವ ಅಲ್ಲ. ಅಮೆರಿಕದ ಆಸ್ಪತ್ರೆಗಳು ಕೇಳುವುದು ಇತ್ತೀಚಿನ ಎರಡು ವರ್ಷದ ವಾರ್ಡ್ ಅನುಭವ. ಮೂರು ವರ್ಷ ಹೆಡ್‌ಫೋನ್ ಹಾಕಿ ಕೂತವರಿಗೆ ವೀಸಾ ಸಾಲು ಮುಂದೆ ಬಂದರೂ ಕೆಲಸ ಕೊಡುವವರು ಹಿಂದೇಟು ಹಾಕುತ್ತಾರೆ.

ನೂರು ಹಾಸಿಗೆ ಮೀರಿದ ಆಸ್ಪತ್ರೆಯ ಮೆಡಿಕಲ್ ಸರ್ಜಿಕಲ್ ವಾರ್ಡಿನಲ್ಲಿ ಮೊದಲ ಕೆಲಸ ಹಿಡಿಯುವುದು ಒಳ್ಳೆಯದು. ಸಾಧ್ಯವಾದರೆ ಎರಡನೇ ವರ್ಷ ಐಸಿಯು, ತುರ್ತು ವಿಭಾಗ, ಇಲ್ಲವೇ ಡಯಾಲಿಸಿಸ್. ಆ ಮೂರಕ್ಕೆ ಎಲ್ಲ ದೇಶದಲ್ಲೂ ಬೇಡಿಕೆ.

ಲೀಡ್ಸ್ ಸಿಸ್ಟರ್

ಆಸ್ಕಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಣ ನರ್ಸ್‌ಗಳೇ ಇಲ್ಲಿ ಎಡವುತ್ತಾರೆ. ಹತ್ತು ಸ್ಟೇಷನ್: ಒಬ್ಬ ರೋಗಿಯ ಸುತ್ತ ಅಂದಾಜು, ಯೋಜನೆ, ಅನುಷ್ಠಾನ, ಮೌಲ್ಯಮಾಪನ ಅಂತ ನಾಲ್ಕು, ಕೈಕೆಲಸದ್ದು ನಾಲ್ಕು, ಬರವಣಿಗೆಯದ್ದು ಎರಡು. ಫೇಲಾದ ಸ್ಟೇಷನ್ ಏಳು ಅಥವಾ ಕಡಿಮೆ ಇದ್ದರೆ ಅಷ್ಟನ್ನೇ ಮತ್ತೆ ಮಾಡಲು 397 ಪೌಂಡ್, ಅದಕ್ಕಿಂತ ಹೆಚ್ಚಾದರೆ ಪೂರ್ತಿ ಶುಲ್ಕ.

ಔಷಧ ಕೊಡುವ ಸ್ಟೇಷನ್ ನೋಡಿ. 15 ನಿಮಿಷ. ಒಳಗೆ ಹೋಗಿ ಕೈ ತೊಳೆದು, ಹೆಸರು ಹೇಳಿಕೊಂಡು, ರೋಗಿಯ ಬಾಯಿಂದ ಹೆಸರು ಮತ್ತು ಹುಟ್ಟಿದ ದಿನ ಕೇಳಿ, ಕೈಪಟ್ಟಿಯಲ್ಲಿ ಓದಿ, ಚಾರ್ಟಿನಲ್ಲಿ ತಾಳೆ ನೋಡಬೇಕು. ಮೂರೂ ಜೋರಾಗಿ ಹೇಳುತ್ತಾ ಮಾಡಬೇಕು. ಅಲರ್ಜಿ ಕೇಳಬೇಕು, ಚಾರ್ಟಿನ ಅಲರ್ಜಿ ಡಬ್ಬಿಯನ್ನೂ ನೋಡಬೇಕು. ಚಾರ್ಟಿನಲ್ಲಿ ಪೆನಿಸಿಲಿನ್ ಅಲರ್ಜಿ ಬರೆದು ಕೆಳಗೆ ಅದೇ ಗುಂಪಿನ ಅಮಾಕ್ಸಿಸಿಲಿನ್ ಬರೆದಿಟ್ಟಿರುವ ಸಂದರ್ಭ ಬಂದರೆ ಅದನ್ನು ಕೊಡದೆ ಕಾರಣದ ಕೋಡ್ ಹಾಕಿ, ವೈದ್ಯರಿಗೆ ತಿಳಿಸುತ್ತೇನೆ ಅನ್ನಬೇಕು. ಪ್ಯಾರಾಸಿಟಮಾಲ್ ಇದ್ದರೆ ಕೊನೆಯ ಡೋಸ್ ಎಷ್ಟು ಹೊತ್ತಿಗೆ ಅಂತ ನೋಡಿ: ನಾಲ್ಕು ಗಂಟೆ ಅಂತರ, ದಿನಕ್ಕೆ 4 ಗ್ರಾಂ ಮೀರಬಾರದು. ಮಾತ್ರೆಯ ಅವಧಿ ದಿನಾಂಕ ಬಾಯಿಬಿಟ್ಟು ಓದಬೇಕು. ರೋಗಿ ನುಂಗಿದ್ದನ್ನು ಕಣ್ಣಲ್ಲಿ ನೋಡಿದ ಮೇಲೆಯೇ ಸಹಿ.

ಉಸಿರಾಟ ಎಣಿಸುವುದು ಇನ್ನೊಂದು. ಮನಿಲಾದಲ್ಲಾಗಲಿ ಮಂಗಳೂರಿನಲ್ಲಾಗಲಿ ರೋಗಿಗಳು ತುಂಬಿದ ವಾರ್ಡಿನಲ್ಲಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬಿದ್ದಿರುತ್ತದೆ. ಇಲ್ಲಿ ಪೂರ್ತಿ 60 ಸೆಕೆಂಡ್. ಬರೆದದ್ದಕ್ಕೆಲ್ಲ ದಿನಾಂಕ, ಗಂಟೆ, ಸಹಿ, ಹೆಸರು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ವೈಟ್‌ನರ್ ಮುಟ್ಟಬಾರದು.

ಮನಿಲಾ ದಾರಿ

ಏಜೆನ್ಸಿ ಬಗ್ಗೆ ಯಾರೂ ಬರೆದಿಲ್ಲ, ಹಣ ಕಳೆದುಕೊಳ್ಳುವುದು ಅಲ್ಲೇ.

ಫಿಲಿಪ್ಪೀನ್ಸ್‌ನಲ್ಲಿ ಹೊರದೇಶದ ಮಾಲೀಕ ನೇರವಾಗಿ ನೇಮಿಸಿಕೊಳ್ಳುವುದಕ್ಕೆ ಕಾನೂನಿನ ತಡೆಯಿದೆ, ಕೆಲವು ವಿನಾಯಿತಿ ಬಿಟ್ಟರೆ. ಎಲ್ಲವೂ ವಲಸೆ ಕಾರ್ಮಿಕರ ಇಲಾಖೆ, ಅಂದರೆ ಡಿಎಂಡಬ್ಲ್ಯೂ ಮೂಲಕ. ಹೊರದೇಶದ ಉದ್ಯೋಗ ನೋಡಿಕೊಳ್ಳುತ್ತಿದ್ದ ಹಿಂದಿನ ಪಿಒಇಎ ಈಗ ಅದರೊಳಗೆ ಸೇರಿದೆ. ಎರಡು ಪ್ರಶ್ನೆ ಬೇರೆ ಬೇರೆಯಾಗಿ ನೋಡಬೇಕು: ಏಜೆನ್ಸಿಗೆ ಚಾಲ್ತಿ ಲೈಸೆನ್ಸ್ ಇದೆಯೇ? ಈ ಆಸ್ಪತ್ರೆಗೆ, ಈ ಹುದ್ದೆಗೆ ಅವರ ಹೆಸರಲ್ಲಿ ಮಂಜೂರಾದ ಜಾಬ್ ಆರ್ಡರ್, ಅಂದರೆ ಮಾಲೀಕರ ಬೇಡಿಕೆ ಪತ್ರ ಇದೆಯೇ? ಲೈಸೆನ್ಸ್ ಇದ್ದು ಜಾಬ್ ಆರ್ಡರ್ ಇಲ್ಲದೆ 'ಪೂಲಿಂಗ್' ಅಂತ, ಅಂದರೆ ಮುಂದೆ ಬರಬಹುದಾದ ಕೆಲಸಕ್ಕೆ ಹೆಸರು ಕೂಡಿಸಿಡುತ್ತೇವೆ ಅಂತ ಪಾಸ್‌ಪೋರ್ಟ್ ಇಸಿದುಕೊಂಡು ವರ್ಷ ತಳ್ಳುವವರು ಬಹಳ. ಇಲಾಖೆಯ ಜಾಲತಾಣದಲ್ಲಿ ಎರಡನ್ನೂ ನೋಡಬಹುದು.

ಅಮೆರಿಕ, ಬ್ರಿಟನ್ ಕೆಲಸಕ್ಕೆ ಪ್ಲೇಸ್‌ಮೆಂಟ್ ಶುಲ್ಕವೇ ಇಲ್ಲ. ಶುಲ್ಕಕ್ಕೆ ಅವಕಾಶ ಇರುವ ಕಡೆಯೂ ಒಂದು ತಿಂಗಳ ಸಂಬಳ ಮೀರಬಾರದು, ಅದೂ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ರಸೀದಿ ಸಮೇತ. ರಸೀದಿ ಕೊಡಲ್ಲ ಅಂದರೆ ಎದ್ದು ಬನ್ನಿ.

ಹೊರಡುವ ಮುಂಚೆ ಒಪ್ಪಂದದ ಪರಿಶೀಲನೆ, ಮಾನ್ಯತೆ ಪಡೆದ ಕ್ಲಿನಿಕ್‌ನಲ್ಲಿ ವೈದ್ಯಕೀಯ ತಪಾಸಣೆ, ಹೊರದೇಶದ ಕಾರ್ಮಿಕರ ಕಲ್ಯಾಣ ಸಂಸ್ಥೆ ಒಡಬ್ಲ್ಯೂಡಬ್ಲ್ಯೂಎ ಸದಸ್ಯತ್ವಕ್ಕೆ 25 ಡಾಲರ್, ಪಿಡಿಒಎಸ್ ತಿಳಿವಳಿಕೆ ತರಗತಿ, ಕೊನೆಗೆ ನಿರ್ಗಮನ ಅನುಮತಿ ಪತ್ರ ಒಇಸಿ. ಅದಿಲ್ಲದೆ ಪ್ರವಾಸಿ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲಿ ಕೆಲಸ ಹುಡುಕೋಣ ಅಂದವರನ್ನು ಮನಿಲಾ ವಿಮಾನ ನಿಲ್ದಾಣದಲ್ಲೇ ತಡೆದು ನಿಲ್ಲಿಸುತ್ತಾರೆ.

ಒಪ್ಪಂದ ಮುರಿದರೆ ಕಟ್ಟಬೇಕಾದ ದಂಡದ ಷರತ್ತನ್ನು ಓದದೆ ಸಹಿ ಹಾಕಬೇಡಿ. ನ್ಯೂಯಾರ್ಕ್‌ನ ನರ್ಸಿಂಗ್ ಹೋಮ್‌ಗಳಿಗೆ ಬಂದ ಫಿಲಿಪಿನೋ ನರ್ಸ್‌ಗಳ ಒಪ್ಪಂದದಲ್ಲಿ 25,000 ಡಾಲರ್ ದಂಡದ ಷರತ್ತಿತ್ತು. ಅದು ಬಲವಂತದ ದುಡಿಮೆ ವಿರುದ್ಧದ ಕಾನೂನಿಗೆ ವಿರುದ್ಧ ಅಂತ 2019ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಸರಿಯಾದ ಷರತ್ತು ಅಂದರೆ ಆಸ್ಪತ್ರೆ ನಿಮಗಾಗಿ ನಿಜವಾಗಿ ಖರ್ಚು ಮಾಡಿದ ಮೊತ್ತ, ಅದೂ ತಿಂಗಳು ಕಳೆದಂತೆ ಇಳಿಯಬೇಕು.

ನರ್ಸ್‌ಗಳು ಹೊರಹೋಗದ ಹಾಗೆ ಫಿಲಿಪ್ಪೀನ್ಸ್ ಸರ್ಕಾರವೇ ಬಾಗಿಲು ಅರ್ಧ ಮುಚ್ಚಿದ್ದೂ ಉಂಟು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ತಡೆ, ವರ್ಷದ ಕೊನೆಗೆ ಹೊಸ ಒಪ್ಪಂದಗಳಿಗೆ ವರ್ಷಕ್ಕೆ 5,000 ಮಿತಿ, 2021ರಲ್ಲಿ ಅದು 6,500, ಆಮೇಲೆ 7,000. ಕೈಯಲ್ಲಿ ವೀಸಾ ಇದ್ದವರೂ ಆಗ ನಿಂತರು.

ರಾತ್ರಿಪಾಳಿ, ದಮ್ಮಾಮ್

ಜಪಾನ್, ಜರ್ಮನಿ, ಆಸ್ಟ್ರೇಲಿಯಾ?

ಲೀಡ್ಸ್ ಸಿಸ್ಟರ್

ಜಪಾನ್‌ಗೆ 2008ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆರ್ಥಿಕ ಒಪ್ಪಂದದಡಿ ಹೋಗುತ್ತಾರೆ. ನರ್ಸ್ ಅಭ್ಯರ್ಥಿಗೆ ಮೂರು ವರ್ಷ ಆಸ್ಪತ್ರೆ ಅನುಭವ ಬೇಕು, ರಾಷ್ಟ್ರೀಯ ಪರೀಕ್ಷೆ ಜಪಾನಿ ಭಾಷೆಯಲ್ಲೇ. ಹೊಸಬರಿಗೆ ಹೇಳಿದ್ದಲ್ಲ. ಜರ್ಮನಿಗೆ 2013ರಿಂದ ಟ್ರಿಪಲ್ ವಿನ್ ಅನ್ನುವ ಸರ್ಕಾರಿ ಯೋಜನೆ ಇದೆ, ಅಭ್ಯರ್ಥಿಯಿಂದ ಶುಲ್ಕ ಇಲ್ಲ. ಜರ್ಮನ್ ಭಾಷೆಯ ಬಿ1 ಮಟ್ಟ ಫಿಲಿಪ್ಪೀನ್ಸ್‌ನಲ್ಲಿ, ಅದರ ಮೇಲಿನ ಬಿ2 ಮಟ್ಟ ಜರ್ಮನಿಯಲ್ಲಿ. ಬಿ2 ದಾಟುವ ತನಕ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ಇದನ್ನು ತಿಳಿದೇ ಹೋಗಬೇಕು.

ಆಸ್ಟ್ರೇಲಿಯಾದಲ್ಲಿ ಫಿಲಿಪ್ಪೀನ್ಸ್ ಪದವಿಗೆ ಎನ್‌ಕ್ಲೆಕ್ಸ್ ಬರೆದು, ಆಮೇಲೆ ಅಲ್ಲಿಗೆ ಹೋಗಿ ಆಸ್ಕಿ ಮಾಡುವ ದಾರಿ. ಅಂದರೆ ಒಂದು ಎನ್‌ಕ್ಲೆಕ್ಸ್ ಎರಡು ದೇಶಕ್ಕೆ ಉಪಯೋಗ. 2025ರ ಏಪ್ರಿಲ್‌ನಿಂದ ಬ್ರಿಟನ್, ಐರ್ಲೆಂಡ್, ಸಿಂಗಾಪುರದಂಥ ಕಡೆ ನೋಂದಣಿಯಾಗಿ 1,800 ಗಂಟೆ ದುಡಿದವರಿಗೆ ಪರೀಕ್ಷೆಯಿಲ್ಲದ ಚಿಕ್ಕ ದಾರಿಯೂ ತೆರೆದಿದೆ. ಹ್ಯೂಸ್ಟನ್ ಬ್ರದರ್ ಹೇಳಿದ 'ಎನ್‌ಕ್ಲೆಕ್ಸ್ ಮೊದಲು' ಅನ್ನುವುದನ್ನು ಈ ಕಾರಣಕ್ಕೆ ನಾನೂ ಒಪ್ಪುತ್ತೇನೆ. ಆದರೆ ವಾರ್ಡ್ ಕೆಲಸ ಬಿಟ್ಟು ಅಲ್ಲ, ಕೆಲಸದ ಜೊತೆಗೆ. ಪಿಆರ್‌ಸಿ ಕಾರ್ಡ್ ಬಂದ ತಿಂಗಳೇ ದಾಖಲೆ ಪರಿಶೀಲನೆಗೆ ಅರ್ಜಿ, ಅದೇ ತಿಂಗಳು ವಾರ್ಡಿಗೆ. ಕಾಗದಗಳು ಅಲೆಯುವ ತಿಂಗಳುಗಳಲ್ಲಿ ಓದು. ಇಂಗ್ಲಿಷ್ ಮಾತ್ರ ಕೊನೆಗೆ.

ಕಡತಕಟ್ಟು, ದುಬೈ

ಒಂದು ಉಳಿಯಿತು: ಹೆಸರು. ಇದೇ ಎಲ್ಲಕ್ಕಿಂತ ಮೊದಲ ಕೆಲಸ ಅನ್ನುತ್ತೇನೆ ನಾನು.

ಫಿಲಿಪಿನೋ ಮಧ್ಯದ ಹೆಸರು ಅಂದರೆ ತಾಯಿಯ ತವರಿನ ಮನೆತನದ ಹೆಸರು. ಕಾಲೇಜು ಅದರ ಮೊದಲಕ್ಷರ ಮಾತ್ರ ಹಾಕಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಇರುತ್ತದೆ. ಜನನ ಪತ್ರದಲ್ಲಿ 'ಮರಿಯಾ ಕ್ರಿಸ್ಟಿನಾ', ಪದವಿಪತ್ರದಲ್ಲಿ 'ಮಾ. ಕ್ರಿಸ್ಟಿನಾ'. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ. ಮನಿಲಾದ ಎನ್‌ಕ್ಲೆಕ್ಸ್ ಕೇಂದ್ರದಲ್ಲಿ ಪಾಸ್‌ಪೋರ್ಟ್ ಬಿಟ್ಟು ಬೇರೆ ಗುರುತುಪತ್ರ ನಡೆಯುವುದಿಲ್ಲ. ಅದರ ಹೆಸರು ಅನುಮತಿ ಪತ್ರದ ಹೆಸರಿಗೆ ಕೂಡದಿದ್ದರೆ ಬಾಗಿಲಲ್ಲೇ ವಾಪಸು, ಶುಲ್ಕವೂ ಹೋಯಿತು. ನಮ್ಮವರ ಇನಿಷಿಯಲ್ ಕಥೆಯೂ ಇದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ.

ರಾತ್ರಿಪಾಳಿ, ದಮ್ಮಾಮ್

ಜನನ ಪತ್ರದಲ್ಲೇ ತಪ್ಪಿದ್ದರೆ? ಒಂದು ಅಕ್ಷರ ಆಚೀಚೆ ಆಗಿದ್ದರೆ ಕೋರ್ಟಿಗೆ ಹೋಗಬೇಕೇ?

ಮನಿಲಾ ದಾರಿ

ಬೇಡ. ಅಕ್ಷರ ತಪ್ಪು, ಮೊದಲ ಹೆಸರಿನ ತಿದ್ದುಪಡಿಗೆ 2001ರ ರಿಪಬ್ಲಿಕ್ ಆ್ಯಕ್ಟ್ 9048 ಪ್ರಕಾರ ಊರಿನ ಸಿವಿಲ್ ರಿಜಿಸ್ಟ್ರಾರ್ ಬಳಿಯೇ ಅರ್ಜಿ. ಹುಟ್ಟಿದ ದಿನ ಅಥವಾ ತಿಂಗಳು ತಪ್ಪಿದ್ದರೆ 2012ರ ರಿಪಬ್ಲಿಕ್ ಆ್ಯಕ್ಟ್ 10172 ಪ್ರಕಾರ. ಹುಟ್ಟಿದ ವರ್ಷವೇ ತಪ್ಪಿದ್ದರೆ ಮಾತ್ರ ಕೋರ್ಟು. ತಿಂಗಳುಗಳು ಹಿಡಿಯುತ್ತವೆ, ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವ ಮುಂಚೆಯೇ ಹಾಕಿ. ತಿದ್ದಿದ ಪ್ರತಿ ಬಂದ ಮೇಲೆ ಪಿಆರ್‌ಸಿಗೂ ಪ್ರತ್ಯೇಕ ಅರ್ಜಿ ಕೊಟ್ಟು ಅವರ ದಾಖಲೆ ತಿದ್ದಿಸಬೇಕು, ಅದು ತಾನಾಗಿ ಬದಲಾಗುವುದಿಲ್ಲ.